ವೈಪರು ನಿಧಾನವಾದರೆ ಮೋಟರನ್ನೇ ಬೈಯಬೇಕೇ?

ವರ್ಷಕ್ಕೆ 3000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕಾಸರಗೋಡಿನಲ್ಲಿ ವೈಪರು ಇಲ್ಲದ ಕಾರು ಓಡಿಸುವುದೆಂದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತೋಡು ದಾಟಿದ ಹಾಗೆ. ನಾವು ನಾಲ್ಕು ಮಂದಿ ಅಧ್ಯಾಪಕರು ಒಂದೇ ಹಳೇ ಕಾರಿನಲ್ಲಿ ಶಾಲೆಗೆ ಹೋಗಿಬರುವವರು. ಗುಡ್ಡದ ದಾರಿ, ಕುರುಡು ತಿರುವುಗಳು, ಎದುರಿನಿಂದ ಮಕ್ಕಳನ್ನು ತುಂಬಿಕೊಂಡು ಬರುವ ಜೀಪುಗಳು. ಇಂಥಲ್ಲಿ ಕಳೆದ ಮಳೆಗಾಲದ ಆರಂಭಕ್ಕೇ ವೈಪರು ಮುದುಕರ ಕೈಯ ಹಾಗೆ ನಿಧಾನವಾಗಿ ಏಳತೊಡಗಿತು. ತೋರಿಸಿದ ಕಡೆ ಬಾನೆಟ್ಟು ಎತ್ತದೆಯೇ "ಮೋಟರ್ ಹೋಗಿದೆ, ಹೊಸತು ಹಾಕಬೇಕು" ಅಂದರು. ಇರಬಹುದು, ಆದರೆ ನೋಡದೆ ಹೇಳಿದ ಮಾತಿಗೆ ದುಡ್ಡು ಕೊಡಲು ನಮಗೆ ಮನಸ್ಸಾಗಲಿಲ್ಲ. ನಮ್ಮದೇ ಶಾಲೆಯಲ್ಲಿ ಕಲಿತು, ಐಟಿಐ ಮುಗಿಸಿ ಈಗ ವಯರಿಂಗ್ ಕೆಲಸ ಮಾಡುವ ಹುಡುಗನೊಬ್ಬನನ್ನು ಕರೆದೆವು.

ಅವನ ಕ್ರಮ ಸರಳ: ಬ್ಯಾಟರಿಯಿಂದ ಹೊರಟ ಕರೆಂಟು ಫ್ಯೂಸು, ಸ್ವಿಚ್ಚು, ಮೋಟರು ದಾಟಿ ಪುನಃ ಬ್ಯಾಟರಿಗೆ ಬರಬೇಕು, ಎಲ್ಲಿ ತಡೆಯಿದೆ ಎಂದು ದಾರಿಯುದ್ದಕ್ಕೂ ಕೇಳುತ್ತಾ ಹೋಗುವುದು. ಹಾರ್ನ್ ಜೋರಾಗಿತ್ತು, ದೀಪ ಪ್ರಕಾಶವಾಗಿತ್ತು, ಹಾಗಾಗಿ ಬ್ಯಾಟರಿಯ ಮೇಲೆ ಸಂಶಯವಿಲ್ಲ. ವೈಪರು ನಿಧಾನವಾದರೂ ಓಡುತ್ತಿದೆಯಲ್ಲ, ಆದ್ದರಿಂದ ಫ್ಯೂಸೂ ಸರಿ. ವೈಪರಿನ ಕೈಗಳನ್ನು ಬಿಚ್ಚಿ, ಅವು ಕೂರುವ ಕಡ್ಡಿ ಕೈಯಲ್ಲಿ ಬಿಗಿಯಾಗಿದೆಯೇ ಎಂದು ನೋಡಿದ. ಸರಾಗವಾಗಿತ್ತು. ಆಮೇಲೆ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಮೋಟರಿನ ಲೋಹದ ಮೈಗೂ ಇಟ್ಟು "ವೈಪರ್ ಹಾಕಿ ಮಾಷ್ಟ್ರೇ" ಅಂದ. ಎರಡೂ ಋಣವೇ ಆದ ಮೇಲೆ ಸೊನ್ನೆಯ ಹತ್ತಿರ ಇರಬೇಕು. ಮೀಟರು ತೋರಿಸಿದ್ದು ಸುಮಾರು 3 ವೋಲ್ಟ್.

ಓಮನ ನಿಯಮವನ್ನು ಹಲಗೆಯ ಮೇಲೆ ಬರೆದು ಬರೆದು ಅಭ್ಯಾಸವಾದ ನಮಗೆ ಅದು ಅಲ್ಲಿ ಕಣ್ಣಿಗೆ ಬಿತ್ತು. 3 ಆಂಪಿಯರ್ ಹರಿಯುವಾಗ ದಾರಿಯಲ್ಲಿ 1 ಓಮ್ ತಡೆ ಇದ್ದರೂ ಸಾಕು, 3 ವೋಲ್ಟ್ ಅಲ್ಲೇ ಕರಗಿಹೋಗುತ್ತದೆ; 12ರಲ್ಲಿ ಮೋಟರಿಗೆ ಉಳಿಯುವುದು 9. ಮೀಟರನ್ನು ಮೋಟರು ಓಡುವಾಗಲೇ ಇಡಬೇಕು, ಯಾಕೆಂದರೆ ಕರೆಂಟು ಹರಿಯದಾಗ ತುಕ್ಕು ಹಿಡಿದ ಜೋಡಣೆಯೂ ಒಳ್ಳೆಯದರಂತೆಯೇ ಕಾಣುತ್ತದೆ. ಒಂದು ತುಂಡು ವಯರಿನಿಂದ ಮೋಟರಿನ ಮೈಯನ್ನು ನೇರ ಬ್ಯಾಟರಿಯ ಋಣಕ್ಕೆ ಮುಟ್ಟಿಸಿದಾಗ ಕಡ್ಡಿ ಪಟಪಟನೆ ಓಡಿತು. ಮುಂಗಾಜಿನ ಬುಡದಲ್ಲಿ ತರಗೆಲೆ, ಕೆಸರು ತುಂಬಿದ ಸಂದಿಯಲ್ಲಿ ಅರ್ತ್ ವಯರಿನ ಸ್ಕ್ರೂ ಹಸಿರುಗಟ್ಟಿತ್ತು. ಎಮರಿ ಕಾಗದದಲ್ಲಿ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದ್ದಾಯಿತು. ಖರ್ಚು? ಹುಡುಗನಿಗೆ ಚಹಾ.

ಬೇರೆ ಲಕ್ಷಣಗಳಿಗೆ ಬೇರೆ ಕಾರಣಗಳಿವೆ. ಒಂದು ವೇಗದಲ್ಲಿ ಮಾತ್ರ ಓಡಿದರೆ ಸ್ವಿಚ್ಚು ಅಥವಾ ಮೋಟರಿನೊಳಗಿನ ಕಾರ್ಬನ್ ಬ್ರಷ್; ಬಿಟ್ಟು ಬಿಟ್ಟು ಓಡುವುದು ಮಾತ್ರ ಕೆಟ್ಟರೆ ಹೆಚ್ಚಾಗಿ ರಿಲೇ; ಆಫ್ ಮಾಡಿದಾಗ ಗಾಜಿನ ನಡುವೆಯೇ ನಿಂತರೆ ಮೋಟರಿನ ಗೇರಿನ ಬಳಿಯಿರುವ ಪಾರ್ಕಿಂಗ್ ಸಂಪರ್ಕ. ಫ್ಯೂಸು ಪದೇ ಪದೇ ಸುಟ್ಟರೆ ಕಡ್ಡಿ ಬಿಗಿದಿರಬೇಕು, ಇಲ್ಲವೇ ವಯರು ಎಲ್ಲೋ ತಾಗಿರಬೇಕು. ಆಗ ಫ್ಯೂಸಿನ ಬದಲು ತಾಮ್ರದ ಎಳೆ ಸುತ್ತುವ ನಮ್ಮೂರಿನ ಜಾಣತನ ಮಾತ್ರ ಬೇಡ, ವಯರಿಗೇ ಬೆಂಕಿ ಹತ್ತೀತು.

ಕೆಲಸದ ನಡುವೆ ಹುಡುಗ ಹೇಳಿದ ಒಂದು ಮಾತು ನಮ್ಮನ್ನು ಇನ್ನೂ ಕಾಡುತ್ತದೆ. "ಐಟಿಐಯಲ್ಲಿ ಮೊದಲ ಆರು ತಿಂಗಳು ಅವರ ಮಾತು ಅರ್ಥ ಮಾಡಿಕೊಳ್ಳುವುದರಲ್ಲೇ ಹೋಯಿತು ಮಾಷ್ಟ್ರೇ. ವಿಷಯ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ." ಕನ್ನಡದಲ್ಲಿ ಕಲಿತ ಮಗು ಹೊರಗೆ ಹೋಗಿ ಇಂಗ್ಲಿಷು, ಮಲಯಾಳದ ನಡುವೆ ದಡ್ಡನಂತೆ ಕೂರಬೇಕಾಗುವುದು ನಮಗೆ ಹೊಸ ಸುದ್ದಿಯಲ್ಲ. ಆದರೂ ಚುರುಕಾದ ಹುಡುಗನ ಬಾಯಿಂದ ಕೇಳಿದಾಗ ಬೇರೆಯೇ.

ಮರುದಿನ ಏಳನೆಯವರನ್ನು ಕಾರಿನ ಬಳಿಗೆ ಕರೆದುಕೊಂಡು ಹೋದೆವು. ಒಬ್ಬ ಮನೆಯಿಂದ ತಂದಿದ್ದ ಟೆಸ್ಟರನ್ನು ಬ್ಯಾಟರಿಗೆ ಇಟ್ಟ, ಉರಿಯಲಿಲ್ಲ. ಅದರೊಳಗಿನ ನಿಯಾನ್ ದೀಪಕ್ಕೆ 12 ವೋಲ್ಟ್ ಏನೂ ಸಾಲದು, ಹಾಗಾಗಿ 12 ವೋಲ್ಟಿನ ಬಲ್ಬಿಗೆ ಎರಡು ವಯರು ಕಟ್ಟಿಕೊಟ್ಟೆವು. ಅರ್ತ್, ಭೂಸಂಪರ್ಕ ಎಂದು ಎರಡೂ ಹೆಸರು ಹೇಳುತ್ತಿರುವಾಗ ಹಿಂದಿನಿಂದ ಒಬ್ಬಳು ಕೇಳಿದಳು: "ಕಾರು ರಬ್ಬರಿನ ಚಕ್ರದ ಮೇಲೆ ನಿಂತಿದೆಯಲ್ಲ, ಭೂಮಿಗೆ ಎಲ್ಲಿ ತಾಗಿದೆ?"

ಎಲ್ಲಿಯೂ ತಾಗಿಲ್ಲ. ಕಾರಿನ ಕಬ್ಬಿಣದ ಮೈಯೇ ಕರೆಂಟು ಹಿಂದೆ ಬರುವ ದಾರಿ, ಹೆಸರು ಮಾತ್ರ ಅರ್ತ್. ಆ ದಿನ ಹಲಗೆಯಲ್ಲಿ ಎರಡು ಹೆಸರುಗಳ ಕೆಳಗೆ "ಮರಳುವ ದಾರಿ" ಎಂದು ಮೂರನೆಯದನ್ನೂ ಬರೆದೆವು. ಮಕ್ಕಳು ಮೂರನ್ನೂ ಬರೆದುಕೊಂಡರು.