ಹೆಕ್ಕಿದ ಕಣಗಳು

ಗೀಜಗವು ಗೂಡಿಗೆ ಬೇಕಾದ ನಾರನ್ನೇ ಆರಿಸಿ ತರುವುದನ್ನು ನಾವೆಲ್ಲ ಮೆಚ್ಚುತ್ತೇವೆ. ಈ ಆರಿಸುವ ಗುಣ ಭೂಮಿಯ ಮೇಲೆ ಎಷ್ಟು ಹಳೆಯದಿರಬಹುದು?

50 ಕೋಟಿ ವರ್ಷಗಳಿಗೂ ಹಿಂದೆ, ಕೇಂಬ್ರಿಯನ್ ಯುಗದ ಸಮುದ್ರದಲ್ಲಿ 'ಸಾಲ್ಟರೆಲ್ಲ' ಎಂಬ ಜೀವಿಯಿತ್ತು. ಕೆನಡಾದ ವಿಜ್ಞಾನಿ ಎಲ್ಕಾನಾ ಬಿಲ್ಲಿಂಗ್ಸ್ 1861ರಲ್ಲಿ ಅದಕ್ಕೆ ಈ ಹೆಸರಿಟ್ಟರು. ಅದರ ಚಿಪ್ಪು ಬೆರಳಿನ ಉಗುರಿಗಿಂತ ದೊಡ್ಡದಲ್ಲದ ಶಂಕು. ಹೊರಗೋಡೆ ತಾನೇ ಸ್ರವಿಸಿದ ಸುಣ್ಣದ್ದು. ಒಳಗೆ ಮಾತ್ರ ಕಡಲತಳದಿಂದ ತಂದ ಕಣಗಳನ್ನು ಪದರಪದರವಾಗಿ ಅಂಟಿಸಿ, ನಡುವೆ ಸಣ್ಣ ನಾಳವೊಂದನ್ನು ಉಳಿಸಿಕೊಂಡಿತ್ತು.

ವಿಸ್ಮಯವಿರುವುದು ಆ ಕಣಗಳಲ್ಲಿ. ಚಿಪ್ಪಿನೊಳಗಿನ ಕಣಗಳು ಸುತ್ತಲಿನ ಕೆಸರಿನ ಯಥಾಪ್ರತಿಯಲ್ಲ. ಜೇಡಿಯ ನುಣುಪು ಕಣಗಳನ್ನು ಅದು ಬಿಟ್ಟಿದೆ. ಟೈಟೇನಿಯಂ ಇರುವ ಭಾರದ ಖನಿಜಗಳನ್ನು ಹೆಚ್ಚಾಗಿ ಕೂಡಿಸಿಕೊಂಡಿದೆ. ನೀರಿನ ಹರಿವೂ ಮರಳನ್ನು ಬೇರ್ಪಡಿಸುತ್ತದೆ, ನಿಜ. ಆದರೆ ಒಂದೇ ಕಲ್ಲಿನಲ್ಲಿ ಚಿಪ್ಪಿನ ಒಳಗೊಂದು ಬಗೆ, ಹೊರಗೊಂದು ಬಗೆಯಾದರೆ, ಹೆಕ್ಕಿದ್ದು ನೀರಲ್ಲ, ಜೀವಿಯೇ ಎನ್ನಬೇಕಾಗುತ್ತದೆ.

ಇದನ್ನು ವಿವೇಕವೆಂದು ಕರೆಯಲು ಮನಸ್ಸು ಹಾತೊರೆಯುತ್ತದೆ. ಆದರೆ ಮಿದುಳೇ ಇಲ್ಲದ, ಒಂದೇ ಕೋಶದ ಫೊರಾಮಿನಿಫೆರಗಳು ಇಂದಿಗೂ ಕಡಲಿನಲ್ಲಿ ಇದೇ ಕೆಲಸ ಮಾಡುತ್ತಿವೆ. ಅವುಗಳಲ್ಲಿ ಕೆಲವು ಸ್ಪಂಜಿನ ಮುಳ್ಳುಗಳನ್ನೇ ಹುಡುಕಿ ತಂದು ಮನೆ ಕಟ್ಟುತ್ತವೆ. ಆಯ್ಕೆ ಆಲೋಚನೆಗಿಂತ ಹಿರಿಯದು!

ಸಾಲ್ಟರೆಲ್ಲ ಯಾರ ಬಂಧು? ಬೇರೆ ಬೇರೆ ಪ್ರಾಣಿವರ್ಗಗಳಲ್ಲಿ ಅದನ್ನು ಕೂರಿಸಲು ಪಂಡಿತರು ಯತ್ನಿಸಿದರು. ಎಲ್ಲಿಯೂ ಹೊಂದಲಿಲ್ಲವೆಂದು 1977ರಲ್ಲಿ ಎಲ್ಲಿಸ್ ಯೋಕೆಲ್ಸನ್ 'ಅಗ್ಮಾಟ' ಎಂಬ ಪ್ರತ್ಯೇಕ ವಂಶವನ್ನೇ ಸೂಚಿಸಿದರು. ಮೃದುವಾದ ದೇಹ ಕರಗಿಹೋಗಿರುವುದೇ ಈ ತೊಡಕಿಗೆ ಮುಖ್ಯ ಕಾರಣ. ಆದರೂ ವಾಯವ್ಯ ಸ್ಕಾಟ್ಲೆಂಡ್, ಗ್ರೀನ್‌ಲೆಂಡ್, ಉತ್ತರ ಅಮೆರಿಕಗಳ ಶಿಲೆಗಳಲ್ಲಿ ಅದರ ಶಂಕುಗಳಿವೆ. ಅಟ್ಲಾಂಟಿಕ್ ಸಾಗರ ಹುಟ್ಟುವ ಮೊದಲು ಆ ನೆಲಗಳು ಒಂದಾಗಿದ್ದವೆಂಬುದಕ್ಕೆ ಅವೂ ಸಾಕ್ಷಿ.

ನಿವೃತ್ತನಾದ ಮೇಷ್ಟರಿಗೆ ಈ ಜೀವಿ ಆಪ್ತವೆನಿಸಲು ಕಾರಣವಿದೆ. ದಶಕಗಳ ಕಾಲ ತರಗತಿಯಲ್ಲಿ ಆಡಿದ ಮಾತುಗಳೆಲ್ಲ ಗಾಳಿಗೆ ಹೋದವು. ಹಳೆಯ ವಿದ್ಯಾರ್ಥಿಗಳು ಸಿಕ್ಕಾಗ ನೆನೆಯುವುದು ಪಠ್ಯದ ಪುಟಗಳನ್ನಲ್ಲ, ಎಂದೋ ಪ್ರಸಂಗವಶಾತ್ ಹೇಳಿದ ಒಂದೆರಡು ಸಂಗತಿಗಳನ್ನು. ನಾನು ಸುರಿದದ್ದು ಕೆಸರು. ಅವರವರಿಗೆ ಬೇಕಾದ ಕಣವನ್ನು ಅವರೇ ಹೆಕ್ಕಿಕೊಂಡಿದ್ದಾರೆ. ಯಾವ ಕಣ ಯಾರ ಗೋಡೆ ಸೇರುವುದೋ ತಿಳಿಯದಿರುವಾಗ, ಸುರಿಯುವ ಕೆಸರಿನಲ್ಲಿ ಭಾರದ ಕಣಗಳೂ ಇರುವಂತೆ ನೋಡಿಕೊಳ್ಳುವುದಷ್ಟೇ ಕಲಿಸುವವರ ಪಾಲಿನ ಹೊಣೆ.