ಲೀಚ್ ಸರೋವರದಲ್ಲಿ ಗಾಳದ ಹಬ್ಬ

ಅಮೆರಿಕದ ಮಿನ್ನೆಸೋಟ ರಾಜ್ಯಕ್ಕೆ ‘ಹತ್ತು ಸಾವಿರ ಸರೋವರಗಳ ನಾಡು’ ಎಂಬ ಹೆಸರಿದೆ. ಇದು ಉತ್ಪ್ರೇಕ್ಷೆಯಲ್ಲ. ಹತ್ತು ಎಕರೆ ಮತ್ತು ಅದಕ್ಕಿಂತ ದೊಡ್ಡವನ್ನಷ್ಟೇ ಎಣಿಸಿದರೂ ಅಲ್ಲಿ 11,842 ಸರೋವರಗಳಿವೆ. ಹೆಚ್ಚಿನವು ಹಿಮಯುಗದ ಹಿಮನದಿಗಳು ಕರಗಿ ಹಿಂದೆ ಸರಿದಾಗ ಉಳಿದ ತಗ್ಗುಗಳು.

ಮಿನ್ನಿಯಾಪೊಲಿಸ್ ನಗರದಿಂದ ಉತ್ತರಕ್ಕೆ ಸುಮಾರು 300 ಕಿ.ಮೀ. ಸಾಗಿದರೆ ವಾಕರ್ ಎಂಬ ಪುಟ್ಟ ಊರು. ಅದರ ಎದುರಿಗೆ 400 ಚದರ ಕಿ.ಮೀ.ಗೂ ಮೀರಿ ಹರಡಿದೆ ಲೀಚ್ ಸರೋವರ. ಲೀಚ್ ಎಂದರೆ ಜಿಗಣೆ! ನಮ್ಮಲ್ಲಿ ಕೆರೆಗಿಳಿದವರ ಕಾಲಿಗೆ ಅಂಟುವ ಜಿಗಣೆಯನ್ನು ಅಲ್ಲಿ ಗಾಳಕ್ಕೆ ಸಿಕ್ಕಿಸಲು ದುಡ್ಡು ಕೊಟ್ಟು ಕೊಳ್ಳುತ್ತಾರೆ. 2019ರ ಮೇ ತಿಂಗಳಲ್ಲಿ ಮಗಳ ಮನೆಗೆ ಹೋಗಿದ್ದಾಗ ಅಳಿಯನೊಂದಿಗೆ ಈ ಸರೋವರಕ್ಕೆ ಹೋಗುವ ಅವಕಾಶ ಒದಗಿತು. ಅಂದು ವಾಲ್‌ಐ ಮೀನಿನ ಋತು ಆರಂಭವಾಗುವ ಶನಿವಾರ. ಅಲ್ಲಿಯವರಿಗೆ ಅದು ಹಬ್ಬವೇ ಸರಿ.

ಆದರೆ ಸರೋವರಕ್ಕೆ ಖ್ಯಾತಿ ತಂದ, ನಾಲ್ಕು ಅಡಿಗೂ ಮೀರಿ ಬೆಳೆಯುವ ಮಸ್ಕಿ ಮೀನನ್ನು ಅಂದು ಹಿಡಿಯುವಂತಿಲ್ಲ. ಅದರ ಸರದಿ ಜೂನ್ ತಿಂಗಳ ಮೊದಲ ಶನಿವಾರದಿಂದ. ಕಾರಣ ಸರಳ. ಮಂಜುಗಡ್ಡೆ ಕರಗುತ್ತಿದ್ದಂತೆಯೇ ನಾರ್ದರ್ನ್ ಪೈಕ್ ಮೀನು ಮೊಟ್ಟೆಯಿಡುತ್ತದೆ. ಅದರ ಹಿಂದೆಯೇ ವಾಲ್‌ಐ. ಮಸ್ಕಿ ಮಾತ್ರ ನೀರು 9ರಿಂದ 15 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಾಗುವವರೆಗೆ ಕಾಯುತ್ತದೆ. ಮೊಟ್ಟೆಯಿಡುವ ವಯಸ್ಸಿಗೆ ಬರಲು ಅದಕ್ಕೆ ಹಲವು ವರ್ಷಗಳೇ ಬೇಕು.

ನೀರಿನ ಸಾಂದ್ರತೆ 4 ಡಿಗ್ರಿಯಲ್ಲಿ ಅತಿ ಹೆಚ್ಚು ಎಂದು ವಿದ್ಯಾರ್ಥಿಗಳು ಪಾಠದಲ್ಲಿ ಓದಿರುತ್ತಾರೆ. ಆ ಪಾಠ ಇಲ್ಲಿ ಕಣ್ಣೆದುರೇ ನಡೆಯುತ್ತದೆ. ಚಳಿಗಾಲದಲ್ಲಿ ಮಂಜುಗಡ್ಡೆ ಮೇಲೆ ತೇಲುವುದರಿಂದ ಕೆಳಗಿನ ನೀರಿನಲ್ಲಿ ಮೀನುಗಳು ಬದುಕಿ ಉಳಿಯುತ್ತವೆ. ವಸಂತದಲ್ಲಿ ಮೇಲಿನ ನೀರೂ 4 ಡಿಗ್ರಿ ಮುಟ್ಟಿದಾಗ ಗಾಳಿಯ ಹೊಡೆತಕ್ಕೆ ಇಡೀ ಸರೋವರ ಕಲಕಿ, ಆಮ್ಲಜನಕ ತಳಕ್ಕೂ ತಲಪುತ್ತದೆ. ಬಳಿಕ ಮೊದಲು ಬೆಚ್ಚಗಾಗುವುದು ಕಪ್ಪು ಕೆಸರಿನ, ಆಳವಿಲ್ಲದ ಮೂಲೆಗಳು. ಕ್ರಾಪಿ, ಬ್ಲೂಗಿಲ್ ಮೀನುಗಳು ಆಹಾರ ಹುಡುಕುತ್ತ ಅಲ್ಲಿಗೇ ಬರುತ್ತವೆ. ವಾಲ್‌ಐ ಸಿಗುವುದು ಹೆಚ್ಚಾಗಿ ಮುಸ್ಸಂಜೆಗೆ. ಬೆಕ್ಕಿನ ಕಣ್ಣಿನಲ್ಲಿರುವಂತೆ ಬೆಳಕನ್ನು ಹಿಂದಿರುಗಿಸುವ ಪದರ ಅದರ ಕಣ್ಣಿನಲ್ಲೂ ಇದ್ದು, ಮಬ್ಬಿನಲ್ಲೂ ಅದಕ್ಕೆ ಬೇಟೆ ಕಾಣುತ್ತದೆ.

ಮಧ್ಯಾಹ್ನ ನಮ್ಮ ಗಾಳಕ್ಕೆ ಉದ್ದನೆಯ ಮೀನೊಂದು ಬಿತ್ತು. ಪೈಕೋ, ಮಸ್ಕಿಯೋ? “ಮಾವ, ಮೊದಲು ದವಡೆ ನೋಡೋಣ” ಎಂದ ಅಳಿಯ. ಪೈಕ್‌ಗೆ ಕಡುಬಣ್ಣದ ಮೈಮೇಲೆ ತಿಳಿ ಚುಕ್ಕೆಗಳು. ಮಸ್ಕಿಗೆ ತಿಳಿ ಮೈಮೇಲೆ ಕಡು ಗುರುತುಗಳು. ಸಂದೇಹವಿದ್ದರೆ ಕೆಳದವಡೆಯ ಅಡಿಯ ರಂಧ್ರಗಳನ್ನು ಎಣಿಸಬೇಕು. ಒಂದೊಂದು ಬದಿಗೆ ಐದು ಅಥವಾ ಕಡಿಮೆ ಇದ್ದರೆ ಪೈಕ್, ಆರು ಅಥವಾ ಹೆಚ್ಚಿದ್ದರೆ ಮಸ್ಕಿ. ನಾವು ಎಣಿಸಿದೆವು: ಐದು. ಆರಿದ್ದರೆ ಅದು ಆ ಕ್ಷಣವೇ ನೀರಿಗೆ ಮರಳಬೇಕಿತ್ತು. ಕಣ್ಣು ಹಾಯುವಷ್ಟು ದೂರದಲ್ಲಿ ಅಧಿಕಾರಿ ಒಬ್ಬರೂ ಇರಲಿಲ್ಲ. ಆದರೂ ಎಣಿಸದೆ ಮೀನನ್ನು ಇಟ್ಟುಕೊಳ್ಳುವ ಯೋಚನೆ ಅಳಿಯನಿಗೆ ಬರಲಿಲ್ಲ.

ನಮ್ಮ ಕರಾವಳಿಯಲ್ಲೂ ಇಂಥದೇ ನಿಯಮವಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಲವು ಮೀನುಗಳು ಮೊಟ್ಟೆಯಿಡುವ ಕಾಲವದು. ಮಳೆಗಾಲದಲ್ಲಿ ಮೀನು ಏಕೆ ದುಬಾರಿ ಎಂದು ಮಕ್ಕಳು ಕೇಳಿದರೆ, ತಂದೆತಾಯಂದಿರು ಬೆಲೆಯ ಜೊತೆಗೆ ಈ ಕಾರಣವನ್ನೂ ಹೇಳಲಿ.