ಕಬ್ಬಿನ ಮೇಲಿಂದ ವೈ-ಫೈ

ಭೂಸನೂರ ಅಂದ್ರೆ ನಮ್ಮ ಕ್ಯಾಂಪಸ್ಸಿನಲ್ಲಿ ಹೆಚ್ಚಿನವರಿಗೆ ಗೊತ್ತಾಗೋದಿಲ್ಲ. ಆಳಂದ ತಾಲೂಕು ಅಂದ್ರೆ ಸ್ವಲ್ಪ, ಕಲಬುರಗಿ ಜಿಲ್ಲೆ ಅಂದ್ರೆ ಪೂರ್ತಿ. ಸಕ್ಕರೆ ಕಾರ್ಖಾನೆ ಇರುವ ಊರು. ಹಾಗಾಗಿ ತೊಗರಿ, ಜೋಳದ ಜೊತೆ ಕಬ್ಬೂ ಇದೆ. ಈ ಕಬ್ಬು ವೈ-ಫೈಗೆ ಎಂಥ ವೈರಿ ಅನ್ನೋದು ನಮಗೆ, ಅಂದ್ರೆ ಅಣ್ಣ-ತಂಗಿ ಇಬ್ಬರಿಗೂ, ಕಳೆದ ಮಳೆಗಾಲದಲ್ಲಿ ಗೊತ್ತಾಯಿತು.

ಆಗ ತಂಗಿಗೆ ಸಿಇಟಿ ಆಪ್ಷನ್ ಎಂಟ್ರಿ ನಡೆದಿತ್ತು. ಯಾವ ಕಾಲೇಜು ಮೊದಲು, ಯಾವ ಬ್ರಾಂಚ್ ಆಮೇಲೆ ಅಂತ ಪಟ್ಟಿ ಮಾಡಬೇಕು. ಹಿಂದಿನ ವರ್ಷದ ಕಟ್-ಆಫ್ ನೋಡಬೇಕು, ಮತ್ತೆ ಬದಲಿಸಬೇಕು. ಇದು ಒಂದು ಗಂಟೆಯ ಕೆಲಸ ಅಲ್ಲ. ಮನೆಯೊಳಗೆ ಮೊಬೈಲ್ ಡೇಟಾ ಬಂದರೆ ಬಂತು, ಇಲ್ಲಾಂದ್ರೆ ಇಲ್ಲ. ಊರಲ್ಲಿ ಎಷ್ಟೋ ಮಕ್ಕಳು ಆಳಂದಕ್ಕೆ ಬಸ್ ಹತ್ತಿ, ಸೈಬರ್ ಸೆಂಟರಿನಲ್ಲಿ ಪಾಸ್‌ವರ್ಡ್ ಕೊಟ್ಟು, ಅವರು ಹಾಕಿದ್ದೇ ಪಟ್ಟಿ ಅಂತ ಬರ್ತಾರೆ. ತಂಗಿ ಒಪ್ಪಲಿಲ್ಲ. "ಅಣ್ಣಾ, ಓದೋದು ನಾನು. ಲಿಸ್ಟ್ ಬ್ಯಾರೆಯವ್ರ ಯಾಕ ಹಾಕಬೇಕು?"

ಸುಮಾರು 250 ಮೀಟರ್ ದೂರದಲ್ಲಿ ನಮ್ಮ ಕಾಕಾನ ಕಿರಾಣಿ ಅಂಗಡಿ. ಅಲ್ಲಿ ಫೈಬರ್ ಇದೆ. "ವೈ-ಫೈ ಬೇಕಂದ್ರ ಅಂಗಡಿಗೆ ಬಂದು ಕೂಡ್ರಿ" ಅಂತ ಕಾಕಾ ಪಾಸ್‌ವರ್ಡ್ ಕೊಟ್ಟರು. ಆದರೆ ಗಿರಾಕಿಗಳ ನಡುವೆ ಮೂರು ದಿನ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರೋದು ಹೇಗೆ? ಅಂಗಡಿಯ ಸಿಗ್ನಲ್ಲನ್ನೇ ಮನೆಗೆ ತರೋದು ಅಂತ ಇಬ್ಬರೂ ತೀರ್ಮಾನ ಮಾಡಿದೆವು.

ಲ್ಯಾಪ್‌ಟಾಪಿನ ವೈ-ಫೈ ಕಾರ್ಡಿಗೂ ಆಂಟೆನಾ ಇರುತ್ತದೆ. ಹೆಚ್ಚಿನವುಗಳಲ್ಲಿ ಅದು ಪರದೆಯ ಅಂಚಿನೊಳಗೆ ಅಡಗಿರುವ ಎರಡು ತೆಳುವಾದ ಪಟ್ಟಿ. ಅಲ್ಲಿಂದ ಕಾರ್ಡಿಗೆ ಬರುವ ವೈರಿನ ತುದಿಯಲ್ಲಿ ಸಾಸಿವೆ ಕಾಳಿನಂಥ ಕನೆಕ್ಟರ್. ಅದನ್ನು ಮಾಡಿರುವುದು ಸುಮಾರು 30 ಸಲ ಹಾಕಿ ತೆಗೆಯುವುದಕ್ಕೆ ಅಷ್ಟೇ. ಅದಕ್ಕೇ ನಾವು ಲ್ಯಾಪ್‌ಟಾಪ್ ಬಿಚ್ಚದೆ, ಆಂಟೆನಾ ಬಿಚ್ಚಿ ಬದಲಿಸಬಹುದಾದ ಯುಎಸ್‌ಬಿ ಅಡಾಪ್ಟರ್ ತರಿಸಿದೆವು. ತರಿಸುವವರು ಒಂದು ವಿಷಯ ನೋಡಿಕೊಳ್ಳಿ: ಇಂಥವುಗಳಲ್ಲಿ ಸಾಮಾನ್ಯವಾಗಿ ಆರ್‌ಪಿ-ಎಸ್‌ಎಂಎ ಕನೆಕ್ಟರ್ ಇರುತ್ತದೆ. ಬರೀ ಎಸ್‌ಎಂಎ ಆಂಟೆನಾವನ್ನೂ ಅದಕ್ಕೆ ತಿರುವಿ ಕೂರಿಸಬಹುದು, ಆದರೆ ನಡುವಿನ ಪಿನ್ ಸರಿಯಾಗಿ ಕೂಡೋದಿಲ್ಲ.

ಅಡಾಪ್ಟರ್ ಜೊತೆಗೆ 12 ಡಿಬಿಐ ಯಾಗಿ ಆಂಟೆನಾ ಬಂತು. ಡಿಬಿಐ ಜಾಸ್ತಿ ಅಂದ್ರೆ ಪವರ್ ಜಾಸ್ತಿ ಅಂತ ಹಾಸ್ಟೆಲ್‌ನಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಆಂಟೆನಾ ಒಂದು ಮಿಲಿವ್ಯಾಟ್ ಕೂಡ ಹುಟ್ಟಿಸೋದಿಲ್ಲ. ಅವ್ವ ರೊಟ್ಟಿ ಬಡಿಯುವುದನ್ನು ನೆನೆಸಿಕೊಳ್ಳಿ. ಹಿಟ್ಟಿನ ಮುದ್ದೆ ಅಷ್ಟೇ, ಬಡಿದಷ್ಟೂ ಅಗಲ ಆಗ್ತದೆ, ತೆಳ್ಳಗಾಗ್ತದೆ. ನೆಟ್ಟಗೆ ನಿಲ್ಲಿಸಿದ ಕಡ್ಡಿ ಆಂಟೆನಾದ ಡಿಬಿಐ ಹೆಚ್ಚಾದರೆ ಹೀಗೇ: ಸುತ್ತಲೂ ದೂರ ಹೋಗುತ್ತದೆ, ಮೇಲೆ ಕೆಳಗೆ ಕಡಿಮೆ ಆಗುತ್ತದೆ. ಯಾಗಿ ಸುತ್ತಲನ್ನೂ ಬಿಟ್ಟು ಒಂದೇ ದಿಕ್ಕಿಗೆ ಕೊಡುತ್ತದೆ. ಆ ದಿಕ್ಕಿನಿಂದ ಬರುವುದನ್ನೂ ಅಷ್ಟೇ ಚೆನ್ನಾಗಿ ಹಿಡಿಯುತ್ತದೆ. ಇದೇ ಮುಖ್ಯ. ಅಂಗಡಿಯ ರೂಟರ್ ಎಷ್ಟು ಜೋರಾಗಿ ಕೂಗಿದರೂ, ನಮ್ಮ ಕಾರ್ಡಿನ ಉತ್ತರ ಅದಕ್ಕೆ ಕೇಳಿಸದಿದ್ದರೆ ಲಿಂಕ್ ನಿಲ್ಲೋದಿಲ್ಲ.

ಆಂಟೆನಾ ಮಾಳಿಗೆ ಮೇಲೆ, ಲ್ಯಾಪ್‌ಟಾಪ್ ಕೆಳಗೆ. ನಡುವೆ ಏನು ಎಳೆಯಬೇಕು? 2.4 ಗಿಗಾಹರ್ಟ್ಸ್‌ನಲ್ಲಿ ಆರ್‌ಜಿ-58 ಕೇಬಲ್ ಮೀಟರಿಗೆ ಸುಮಾರು 1 ಡೆಸಿಬೆಲ್ ನುಂಗುತ್ತದೆ. 10 ಮೀಟರ್ ಎಳೆದರೆ ಹತ್ತರಲ್ಲಿ ಒಂಬತ್ತು ಪಾಲು ವೈರಿನಲ್ಲೇ ಹೋಯಿತು. ಅದಕ್ಕೇ ಅಡಾಪ್ಟರನ್ನೂ ಆಂಟೆನಾ ಪಕ್ಕದಲ್ಲೇ ಕಟ್ಟಿ, ಕೆಳಗೆ 5 ಮೀಟರ್ ಯುಎಸ್‌ಬಿ ಕೇಬಲ್ ಇಳಿಸಿದೆವು. ರೇಡಿಯೊ ಅಲೆಯನ್ನು ವೈರಿನಲ್ಲಿ ತರೋದಕ್ಕಿಂತ, ಮೇಲೆಯೇ ಡೇಟಾ ಮಾಡಿ ತರೋದು ಲಾಭ. ಮಳೆಗೆ ಅಡಾಪ್ಟರನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟೆವು.

ಇನ್ನು ಕಬ್ಬು. ಮನೆಗೂ ಅಂಗಡಿಗೂ ನಡುವಿನ ಹೊಲದಲ್ಲಿ ಆಳೆತ್ತರ ದಾಟಿದ ಕಬ್ಬು ನಿಂತಿತ್ತು. ಅದರ ಎಲೆಯಲ್ಲೂ ಜಲ್ಲೆಯಲ್ಲೂ ನೀರು, ನೀರು ಈ ಅಲೆಗಳನ್ನು ಹೀರುತ್ತದೆ. ಕಣ್ಣಿಗೆ ಅಂಗಡಿ ಕಂಡರೂ ಸಾಲದು. ಅಲೆಗೆ ಗೆರೆಯಷ್ಟೇ ದಾರಿ ಸಾಕಾಗೋದಿಲ್ಲ, ಸುತ್ತ ಖಾಲಿ ಜಾಗ ಬೇಕು. ಇದೇ ಫ್ರೆನೆಲ್ ವಲಯ. 12.5 ಸೆಂ.ಮೀ. ಅಲೆಗೆ, 250 ಮೀಟರ್ ದೂರಕ್ಕೆ, ನಡುಮಧ್ಯದಲ್ಲಿ ಅದರ ತ್ರಿಜ್ಯ ಸುಮಾರು 2.8 ಮೀಟರ್. ಅದರಲ್ಲಿ ಶೇ. 60ರಷ್ಟಾದರೂ ಖಾಲಿ ಇರಬೇಕು. ಮಾಳಿಗೆ ಮೇಲೆ ಎರಡು ಮೀಟರ್ ಪೈಪ್ ನಿಲ್ಲಿಸಿದೆವು. ಕಾಕಾ ರೂಟರನ್ನು ಮಹಡಿಯ ಕಿಟಕಿಗೆ ಏರಿಸಿದರು.

ತಂಗಿ ಕೆಳಗೆ ಅಂಕಿ ಓದುತ್ತಿದ್ದಳು, ಪೈಪ್ ಸ್ವಲ್ಪ ಸ್ವಲ್ಪವೇ ತಿರುಗುತ್ತಿತ್ತು. ಕಟ್ಟೆಯಿಂದ ಮುತ್ಯಾ ಕೂಗಿದರು: "ಟೀವಿ ಆಂಟೆನಾ ತಿರುಗಸ್ದಂಗ ತಿರುಗಸ್ರಿ, ಅವಸರ ಮಾಡಬ್ಯಾಡ್ರಿ!" ಕೋಣೆಯೊಳಗೆ ಲ್ಯಾಪ್‌ಟಾಪ್ ತೋರಿಸುತ್ತಿದ್ದದ್ದು ಮೈನಸ್ 89 ಡಿಬಿಎಂ, ಕನೆಕ್ಟೇ ಆಗುತ್ತಿರಲಿಲ್ಲ. ಈಗ ಮೈನಸ್ 66. ಈ 23 ಡೆಸಿಬೆಲ್ ಅಂದ್ರೆ 200 ಪಟ್ಟು. ಯಾರೂ ಪವರ್ ಹೆಚ್ಚಿಸಲಿಲ್ಲ. ಗೋಡೆಗಳು ಮತ್ತು ಕಬ್ಬು ದಾರಿ ಬಿಟ್ಟವು, ಆಂಟೆನಾ ಅಂಗಡಿ ಕಡೆ ನೋಡಿತು, ಅಷ್ಟೇ.

ಮುತ್ಯಾ ಹೇಳಿದ್ದು ಸರಿಯೇ. ನಮ್ಮ ಜಿಲ್ಲೆಗೆ ಆಂಟೆನಾ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಟೀವಿ ಬಂತು. ಕರ್ನಾಟಕದಲ್ಲಿ ಆ ಹಳ್ಳಿಗಳಿದ್ದದ್ದು ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳಲ್ಲಿ. ಹಳ್ಳಿಗೆ ಬಂದದ್ದು ಕೋಳಿಗೂಡಿನ ತಂತಿಜಾಲರಿಯ, ಸುಮಾರು 3 ಮೀಟರ್ ಅಗಲದ ಡಿಶ್. ಅಲೆಯ ಉದ್ದ ಸುಮಾರು 35 ಸೆಂ.ಮೀ., ಜಾಲರಿಯ ಕಣ್ಣು ಅದಕ್ಕಿಂತ ಬಹಳ ಸಣ್ಣದು. ಹಾಗಾಗಿ ಅಲೆಗೆ ಅದು ತೂತಿಲ್ಲದ ತಗಡೇ. ಅಗ್ಗ, ಹಗುರ, ಗಾಳಿಗೂ ತಡೆ ಇಲ್ಲ.

ವೈ-ಫೈಯನ್ನೇ ದೂರ ಒಯ್ದವರೂ ಇದ್ದಾರೆ. ತಮಿಳುನಾಡಿನ ಥೇಣಿಯ ಅರವಿಂದ ಕಣ್ಣಿನ ಆಸ್ಪತ್ರೆ ಹಳ್ಳಿಯ ಕೇಂದ್ರಗಳ ರೋಗಿಗಳನ್ನು ಇಂಥ ಲಿಂಕಿನ ವಿಡಿಯೊದಲ್ಲೇ ನೋಡಿತು. ವೆನೆಜುವೆಲಾದಲ್ಲಿ 2007ರಲ್ಲಿ ಬೆಟ್ಟದಿಂದ ಬೆಟ್ಟಕ್ಕೆ 382 ಕಿ.ಮೀ. ಮುಟ್ಟಿತು. ನಮ್ಮಲ್ಲಿ 2005ರ ನಿಯಮದಿಂದ 2.4 ಗಿಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ. ಕಾರ್ಡಿನಿಂದ 1 ವ್ಯಾಟ್, ಆಂಟೆನಾ ಸೇರಿ 4 ವ್ಯಾಟ್, ಮಾಳಿಗೆ ಮೇಲೆ 5 ಮೀಟರ್ ಒಳಗೆ ಇರಬೇಕು. ನಮ್ಮದು 0.1 ವ್ಯಾಟಿನ ಅಡಾಪ್ಟರ್. 12 ಡಿಬಿಐ ಅಂದ್ರೆ 16 ಪಟ್ಟು, ಒಟ್ಟು 1.6 ವ್ಯಾಟ್.

ಹೀಗೆ ಮಾಡುವವರಿಗೆ ಒಂದು ಮಾತು. ಗುಡುಗು ಶುರುವಾಗೋ ಮೊದಲೇ ಯುಎಸ್‌ಬಿ ಕೀಳಿ, ಶುರುವಾದ ಮೇಲೆ ಅದನ್ನು ಮುಟ್ಟಬೇಡಿ, ಮಾಳಿಗೆ ಹತ್ತಬೇಡಿ. ಸಿಡಿಲಿಗೆ ಡಿಬಿಐ ಲೆಕ್ಕ ಇಲ್ಲ.

ತಂಗಿ ಮೂರು ದಿನದಲ್ಲಿ ತನ್ನ ಪಟ್ಟಿಯನ್ನು ಎಂಟು ಸಲ ಬದಲಿಸಿದಳು. ಕೊನೆಯ ದಿನ ಸಂಜೆ ಮೊದಲನೇ ಸಾಲಿನಲ್ಲಿ ಅವಳು ಇಟ್ಟ ಕಾಲೇಜು ನಮ್ಮದಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ಅದಕ್ಕೇ ಅಲ್ಲೇನು ಪೈಪ್ ನಿಲ್ಲಿಸಿದ್ದು?" ಅಂದಳು.